ಅತ್ತೆ ಪಾಸು ಮಾಡಿದ ಕಾರು

ಬಾನೆಟ್ ಎತ್ತಿಸದೆ, ಸ್ಟಿಯರಿಂಗ್ ಮುಟ್ಟದೆ, ಕಂಪನಿಯ ಹೆಸರನ್ನೂ ಕೇಳದೆ, ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಕೂತು ಒಂದು ಕಾರನ್ನು ನಪಾಸು ಮಾಡಬಲ್ಲವರು ಇಡೀ ಬೀದರ ಜಿಲ್ಲೆಯಲ್ಲಿ ಒಬ್ಬರೇ ಇದ್ದಾರೆ. ಅವರು ನಮ್ಮ ಅತ್ತೆ! ಶೋರೂಮಿನ ಹುಡುಗರು ಅವರನ್ನು ಕಂಡರೆ ಗಾಜಿನ ಬಾಗಿಲ ಹಿಂದೆ ಸರಿಯುತ್ತಾರೆ. ಹಳೆ ಕಾರು ಮಾರುವವರು ಬೆಲೆ ಹೇಳುವ ಮೊದಲು ನೀರು ಕುಡಿಯುತ್ತಾರೆ. ಅತ್ತೆಗೆ ಮಾತ್ರ ಇದೊಂದೂ ಗೊತ್ತಿಲ್ಲ. ಅವರ ಗಮನವೆಲ್ಲ ಯಾವಾಗಲೂ ಮಜ್ಜಿಗೆಯ ಲೋಟದ ಮೇಲೇ ಇರುತ್ತದೆ.

ಮಜ್ಜಿಗೆಯ ವಿಷಯಕ್ಕೆ ಬರುತ್ತೇನೆ, ತಡೆಯಿರಿ. ಮೊದಲು ನನ್ನ ಬಗ್ಗೆ ಎರಡು ಮಾತು. ನಾನು ಸೀರೆ ಮಾರಿ ಬದುಕು ಕಟ್ಟಿಕೊಂಡವಳು. ಮೊದಮೊದಲು ಗಂಟು ಹೊತ್ತು, ಬಸ್ಸು ಹತ್ತಿ, ಔರಾದ, ಕಮಲನಗರ, ಭಾಲ್ಕಿ ಎಂದು ಮನೆ ಮನೆ ತಿರುಗಿದೆ. ಈಗ ಬೀದರಿನಲ್ಲಿ ಸ್ವಂತ ಅಂಗಡಿ ಇದೆ. ಚೌಕಾಸಿಯಲ್ಲಿ ನನ್ನನ್ನು ಸೋಲಿಸುವ ವ್ಯಾಪಾರಿ ಇನ್ನೂ ಅಂಗಡಿ ತೆರೆದಿಲ್ಲ ಎಂದು ನಮ್ಮ ಓಣಿಯವರು ಹೇಳುತ್ತಾರೆ. ನಾನು ಅಲ್ಲಗಳೆಯುವುದಿಲ್ಲ!

ಕಾರಿನ ಮಾತು ಹುಟ್ಟಿದ್ದು ಅತ್ತೆಯ ಮೊಣಕಾಲಿನಿಂದ. ಅವರ ತವರು ಔರಾದ ತಾಲ್ಲೂಕಿನ ಠಾಣಾ ಕುಶನೂರ. ನಾಗರ ಪಂಚಮಿ ಬಂತೆಂದರೆ ಅರವತ್ತು ದಾಟಿದ ಮೇಲೂ ಹೊಸ ಮದುವಣಗಿತ್ತಿಯ ಹಾಗೆ ಚೀಲ ತುಂಬಿಕೊಂಡು ಹೊರಡುತ್ತಿದ್ದರು. ಮೊಣಕಾಲು ಹಿಡಿದ ಮೇಲೆ ಬಸ್ಸಿನ ಮೆಟ್ಟಿಲು ಹತ್ತಲಾಗಲಿಲ್ಲ. ಒಮ್ಮೆ ಕಂಡಕ್ಟರೂ ಇನ್ನಿಬ್ಬರು ಪ್ರಯಾಣಿಕರೂ ಸೇರಿ ಎತ್ತಿ ಹತ್ತಿಸಿದರು. ಅಷ್ಟೇ! ಮನೆಗೆ ಬಂದವರೇ ತೀರ್ಪು ಕೊಟ್ಟರು: "ತೊಗರಿ ಚೀಲ ಎತ್ತಿದಂಗ ನನ್ನ ಎತ್ತಿದ್ರು. ನನ್ನ ಕಾಲಿಂದ ನಾ ಹತ್ತಿ, ನನ್ನ ಕಾಲಿಂದ ನಾ ಇಳಿಯೋ ಗಾಡಿ ಸಿಕ್ರ ತವರಿಗಿ ಹೋಗ್ತೇನಿ. ಇಲ್ಲಂದ್ರ ಬ್ಯಾಡ." ಅಲ್ಲಿಂದ ಪಂಚಮಿಗಳು ಬಂದವು, ಹೋದವು. ಅತ್ತೆ ಹಬ್ಬದ ಎಳ್ಳುಂಡಿ, ಶೇಂಗಾ ಉಂಡಿ ಕಟ್ಟಿ ತವರಿನಲ್ಲಿದ್ದ ತಮ್ಮನ ಮನೆಗೆ ಯಾರ ಕೈಯಲ್ಲಾದರೂ ಕಳಿಸಿ, ತಾವು ಬಾಗಿಲಲ್ಲಿ ಕೂರುತ್ತಿದ್ದರು. ನನಗೆ ಅದನ್ನು ನೋಡಲಾಗಲಿಲ್ಲ. ಈ ಪಂಚಮಿಯೊಳಗೆ ಕಾರು ತರಲೇಬೇಕು ಎಂದು ಹಟ ಹಿಡಿದೆ. ಡ್ರೈವಿಂಗ್ ಕಲಿತೆ. ಲೈಸೆನ್ಸೂ ಬಂತು.

ಎಂಥ ಕಾರು? ಇಲ್ಲಿ ಕಿವಿಗೊಡಿ, ಕೊಳ್ಳುವವರಿಗೆ ಉಪಯೋಗಕ್ಕೆ ಬರುತ್ತದೆ. ಚಿಕ್ಕ ಕಾರಿನ ಡಿಕ್ಕಿಯಲ್ಲಿ ನನ್ನ ಸೀರೆಯ ಗಂಟಿಟ್ಟರೆ ಅತ್ತೆಯ ಉಂಡಿ ಡಬ್ಬಿಗೆ ಜಾಗವಿಲ್ಲ. ಎತ್ತರದ ದೊಡ್ಡ ಗಾಡಿಗೆ ಅತ್ತೆ ಹತ್ತಬೇಕಾದರೆ ಮತ್ತೆ ಕಂಡಕ್ಟರನ್ನೇ ಕರೆಯಬೇಕು! ಹಾಗಾಗಿ ನಮ್ಮ ಅಳತೆಗೆ ಕೂತದ್ದು ಮಧ್ಯಮ ಗಾತ್ರದ ಸೆಡಾನು. ಅದರಲ್ಲೂ ತೀರಾ ನೆಲಕ್ಕೆ ಅಂಟಿಕೊಂಡದ್ದು ಬೇಡ. ಕೂತರೆ ಏಳುವುದು ಕಷ್ಟ. ಸೀಟು ಮನೆಯ ಕುರ್ಚಿಯ ಎತ್ತರಕ್ಕೆ ಹತ್ತಿರ ಇರಬೇಕು, ಹಿಂದಿನ ಬಾಗಿಲು ಅಗಲವಾಗಿ ತೆರೆಯಬೇಕು. ನಮ್ಮ ಯಜಮಾನರು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಅವರು ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ, "ಅವ್ವಾ, ಸುರಕ್ಷತಾಕ್ಕ ಎಷ್ಟು ಸ್ಟಾರ್ ಅದಾವ ನೋಡಬೇಕು" ಎಂದರು.

"ಸ್ಟಾರ್ ಅಂದ್ರ?"

"ಚಿಕ್ಕಿ ಅವ್ವಾ, ಚಿಕ್ಕಿ."

"ಚಿಕ್ಕಿ ನೋಡ್ಲಾಕ ಮಾಳಗಿ ಮ್ಯಾಲ ಮಲಗಿದ್ರ ಸಾಕಲ್ಲೋ ಮಾರಾಯಾ, ಕಾರ್ ಯಾಕ ಬೇಕು!"

ಯಜಮಾನರ ಮಾತೇ ಸರಿ ಎನ್ನಿ. ಸ್ಟಾರೂ ನೋಡಬೇಕು, ಏರ್‌ಬ್ಯಾಗೂ ಎಣಿಸಬೇಕು. ಆದರೆ ಅತ್ತೆಯ ಎದುರು ಅದನ್ನು ಹೇಳುವ ಧೈರ್ಯ ಯಾರಿಗಿದೆ?

ಮೊದಲು ಹೋದದ್ದು ಬೀದರಿನದೇ ಒಂದು ಶೋರೂಮಿಗೆ, ಹೊಸ ಕಾರು ನೋಡಲು. ಅತ್ತೆ ಕಾರಿನ ಬಳಿ ಬಂದವರೇ ಚಪ್ಪಲಿ ಬಿಟ್ಟರು. ಶೋರೂಮಿನ ಫಳಫಳ ನೆಲದ ಮೇಲೆ, ದೇವಸ್ಥಾನದ ಮುಂದೆ ಬಿಡುವಂತೆ, ಜೋಡಿಸಿ ಬಿಟ್ಟರು! "ಮೇಡಂ, ಚಪ್ಪಲ್ ಹಾಕ್ಕೊಂಡೇ ಕೂಡಬಹುದ್ರಿ" ಎಂದ ಟೈ ಕಟ್ಟಿದ ಸೇಲ್ಸ್‌ಮನ್.

"ಮಂದಿ ಮನ್ಯಾಗ ಚಪ್ಪಲಿ ಹಾಕ್ಕೊಂಡು ಹೋಗ್ತೀರೇನ್ರೀ ನೀವು?" ಎಂದು ಒಳಗೆ ಹೋಗಿ ಚಕ್ಕಳ ಮಕ್ಕಳ ಹಾಕಿ ಕೂತರು. ಮೊಣಕಾಲು ಎಷ್ಟು ಮಡಚುತ್ತದೋ ಅಷ್ಟು.

ಸೇಲ್ಸ್‌ಮನ್ ಪಾಠ ಒಪ್ಪಿಸಿದ. ಟಚ್ ಸ್ಕ್ರೀನಂತೆ, ಹಿಂದೆ ಕ್ಯಾಮೆರಾ ಅಂತೆ. ಕಡೆಗೆ ಗುಂಡಿ ಒತ್ತಿ ನೆತ್ತಿಯ ಮೇಲಿನ ಗಾಜನ್ನು ಸರಿಸಿ, "ಇದು ಸನ್‌ರೂಫ್ರಿ ಅಮ್ಮಾ!" ಎಂದು ಜಾದೂಗಾರನಂತೆ ನಿಂತ.

ಅತ್ತೆ ಮೇಲೆ ನೋಡಿದರು. "ಬೀದರ ಬಿಸಲು ಕಿಡಕ್ಯಾಗ ಬಂದಿದ್ದು ಸಾಲಂಗಿಲ್ಲ ಅಂತ ನೆತ್ತಿ ಮ್ಯಾಲ ಬ್ಯಾರೆ ಭೋಕ ಹೊಡೆದೀರಿ? ಇದಕ್ಕ ರೊಕ್ಕ ಬ್ಯಾರೆ ತಗೋತೀರಿ?"

ಸೇಲ್ಸ್‌ಮನ್ ಗಾಜು ಮುಚ್ಚಿದ.

ಆಮೇಲೆ ಮಜ್ಜಿಗೆ ಪರೀಕ್ಷೆ. ಅತ್ತೆ ಚೀಲದಿಂದ ಸ್ಟೀಲಿನ ಲೋಟ ತೆಗೆದು, ಅಂಚಿನವರೆಗೆ ಮಜ್ಜಿಗೆ ಸುರಿದು, ಅಂಗೈ ಮೇಲೆ ಇಟ್ಟುಕೊಂಡು ಕಣ್ಣು ಮುಚ್ಚಿದರು. "ಹೂಂ, ನಡಸು." ನಾನು ಕಾರು ಹೊರಡಿಸಿದೆ. ಹಂಪ್ ಬಂದಾಗ ಚೆಲ್ಲಿದರೆ ನಪಾಸು! ಸೇಲ್ಸ್‌ಮನ್ ಪಕ್ಕದ ಸೀಟಿನಿಂದ ಹಿಂದಕ್ಕೆ ತಿರುಗಿ ಮೈಲೇಜು ವಿವರಿಸುತ್ತಿದ್ದ ಹೊತ್ತಿಗೇ ಹಂಪ್ ಬಂತು. ಮಜ್ಜಿಗೆ ಅರ್ಧ ಅವನ ಟೈಗೆ ಹೋಯಿತು. ನಗಬೇಡಿ! ಮೂರು ಜನ ತುಂಬಿಸಿಕೊಂಡು ಹಂಪ್ ದಾಟಿಸಿ ನೋಡದೆ ಕಾರು ಕೊಂಡವರು ಆಮೇಲೆ ಸೊಂಟಕ್ಕೆ ಎಣ್ಣೆ ಹಚ್ಚಿಕೊಂಡು ಕೂತದ್ದನ್ನು ನಾನು ಕಂಡಿದ್ದೇನೆ.

ಇಳಿದ ಮೇಲೆ ಅತ್ತೆ ತೀರ್ಪು ಕೊಟ್ಟರು. "ಎಲ್ಲಾ ಛೊಲೊ ಅದ. ಆದ್ರ ಇಲ್ಲಿಂದ ಏನೂ ಕಾಣ್ಸಂಗಿಲ್ಲ."

ಏನು ಕಾಣಿಸುವುದಿಲ್ಲ? ಕಿಟಕಿ ಇಷ್ಟು ದೊಡ್ಡದಿದೆ! "ಅತ್ತಿ, ಹಂಗಾರ ಮುಂದ ಕೂಡ್ರಿ" ಎಂದೆ.

"ಮುಂದ ನಿನ್ನ ಗಂಡ ಕೂಡಬೇಕು. ಹಿಂದ ಕೂತ್ರ ಅವನಿಗಿ ಹೊಟ್ಟಿ ತೊಳಸ್ತದ. ಸಣ್ಣಾಂವ ಇದ್ದಾಗಿಂದ ನೋಡೀನಿ. ನಾ ಹಿಂದೇ ಕಾಲ ಚಾಚ್ತೇನಿ."

ಯಜಮಾನರು ನಾಚಿ ಮೊಬೈಲು ನೋಡಿಕೊಂಡರು. ಹೊಸ ಕಾರಿನ ಬೆಲೆಯೂ ನನ್ನ ಗಂಟಲಲ್ಲಿ ಇಳಿಯುವಂತಿರಲಿಲ್ಲ. ಹಳೆಯದನ್ನೇ ನೋಡೋಣ ಎಂದುಕೊಂಡು ಹೊರಬಂದೆವು.

ಹಳೆ ಕಾರು ನೋಡುವವರಿಗೆ ಒಂದು ಮಾತು. ಹಗಲಿನಲ್ಲೇ ಹೋಗಿ. ಹೋಗುವ ಮೊದಲು, "ನಾವು ಬರುವತನಕ ಗಾಡಿ ಚಾಲೂ ಮಾಡಬೇಡಿ" ಎಂದು ಹೇಳಿ. ತಣ್ಣಗಿದ್ದ ಎಂಜಿನ್ನು ಎದ್ದೇಳುವಾಗ ಕೆಮ್ಮುತ್ತದೋ ಇಲ್ಲವೋ ಆಗಲೇ ತಿಳಿಯುವುದು. ಒಬ್ಬ ಮೆಕ್ಯಾನಿಕ್ಕನ್ನು ಜೊತೆಗೆ ಕರೆದೊಯ್ಯಿರಿ. ಇಷ್ಟೆಲ್ಲ ನಾನು ಮಾಡಿದೆ. ಅತ್ತೆ ಏನು ಮಾಡಿದರು ಕೇಳಿ.

ಅಷ್ಟೂರಿನ ದಾರಿಯಲ್ಲಿ ನಿವೃತ್ತ ಗುಮಾಸ್ತರೊಬ್ಬರ ಕಾರು ಇತ್ತು. ಸಜ್ಜನರು, ಬಿಳಿ ಗಡ್ಡ. ದಿನಾ ಬೆಳಿಗ್ಗೆ ನಮಾಜು ಮುಗಿಸಿ ಬಂದು ತಾವೇ ಪೈಪು ಹಿಡಿದು ಕಾರು ತೊಳೆಯುತ್ತಿದ್ದರಂತೆ. ಅದರ ಮೈಯಲ್ಲಿ ನಮ್ಮ ಮುಖ ಕಾಣುತ್ತಿತ್ತು! ಮೆಕ್ಯಾನಿಕ್ ಕೆಳಗೆ ಮಲಗಿ ನೋಡಿ ಭೇಷ್ ಎಂದ. ನಾನು ಒಳಗೊಳಗೇ ಖುಷಿಯಾಗಿ, ಹೊರಗೆ ಹಲ್ಲುನೋವಿನ ಮುಖ ಮಾಡಿಕೊಂಡು ನಿಂತೆ. ಚೌಕಾಸಿಯ ಮೊದಲನೇ ನಿಯಮ ಅದು: ಮೆಚ್ಚಿದ್ದನ್ನು ತೋರಿಸಬಾರದು.

ಅತ್ತೆ ಚಪ್ಪಲಿ ಬಿಟ್ಟು ಹಿಂದೆ ಕೂತರು. ಕೂತವರು ತಟ್ಟನೆ ಕಾಲು ಎತ್ತಿಕೊಂಡರು. "ಭಾಯೀಸಾಬ್, ನಿಮ್ಮ ಗಾಡಿಗಿ ಥಂಡಿ ಆಗ್ಯಾದ."

"ಕ್ಯಾ ಬೋಲೆ ಅಮ್ಮಾ? ಏಸಿ ಚಾಲೂನೇ ಇಲ್ಲಲ್ರೀ!"

"ಏಸಿ ಅಲ್ರಿ, ನೆಲ. ಬರಿಗಾಲಿಂದ ತುಳದು ನೋಡ್ರಿ."

ಮೆಕ್ಯಾನಿಕ್ ಮ್ಯಾಟು ಎತ್ತಿದ. ಅಡಿಯ ಕಾರ್ಪೆಟ್ಟು ಹಸಿ ಹಸಿ! ಹಿಂದಿನ ಬಾಗಿಲ ರಬ್ಬರು ಹರಿದಿತ್ತು. ದಿನಾ ತೊಳೆದ ನೀರು ಮೆಲ್ಲಗೆ ಒಳಗೆ ಇಳಿದಿತ್ತು. ಪಾಪ, ಗುಮಾಸ್ತರಿಗೆ ಗೊತ್ತೇ ಇರಲಿಲ್ಲ. ಅವರ ಹಿಂದಿನ ಸೀಟಿನಲ್ಲಿ ಯಾರೂ ಕೂರುತ್ತಿರಲಿಲ್ಲ. ಗಡ್ಡ ನೀವಿಕೊಂಡು ನಕ್ಕರು. "ಅಮ್ಮಾಜಾನ್, ನೀವು ಆರ್‌ಟಿಓ ಆಫೀಸಿನ್ಯಾಗ ಇರಬೇಕಿತ್ತು ನೋಡ್ರಿ!" ಚಹಾ ತರಿಸಿದರು. ಕೇಳದೆಯೇ ಬೆಲೆ ಇಳಿಸಿದರು. ನನಗೆ ಎದೆ ಉಬ್ಬಿತು. ನಾನು ಅರ್ಧ ದಿನ ಮಾತಾಡಿ ಇಳಿಸುವಷ್ಟನ್ನು ನಮ್ಮ ಅತ್ತೆ ಕಾಲಿನ ಒಂದು ಹೆಬ್ಬೆರಳಿನಿಂದ ಇಳಿಸಿದ್ದರು! ರಬ್ಬರು ಹಾಕಿಸಿದರೆ ಮುಗಿಯಿತು, ಕಾರು ನಮ್ಮದೇ ಎಂದುಕೊಂಡೆ.

ಅಷ್ಟರಲ್ಲಿ ಹಿಂದಿನ ಸೀಟಿನಿಂದ ಅದೇ ರಾಗ: "ಇಲ್ಲಿಂದ ಭೀ ಏನೂ ಕಾಣ್ಸಂಗಿಲ್ಲ."

ಪಂಚಮಿ ಹತ್ತಿರ ಬರುತ್ತಿತ್ತು. ಮನೆಯಲ್ಲಿ ಎಳ್ಳು ಶೇಂಗಾ ಹುರಿಯುವ ವಾಸನೆ. ನನಗೆ ಮಾತ್ರ ಒಂದೇ ಚಿಂತೆ: ಇನ್ನೆಷ್ಟು ಕಾರು ತೋರಿಸಲಿ ಈ ಪುಣ್ಯಾತ್ಗಿತ್ತಿಗೆ?

ಕಡೆಗೆ ಭಾಲ್ಕಿಯಲ್ಲಿ ಔಷಧಿ ಅಂಗಡಿಯವರೊಬ್ಬರು ತಮ್ಮ ಬೂದು ಬಣ್ಣದ ಸೆಡಾನು ಮಾರುತ್ತಾರೆಂದು ತಿಳಿಯಿತು. ಹೋದೆವು. ಎಂಜಿನ್ ಗಟ್ಟಿ, ಡಿಕ್ಕಿ ದೊಡ್ಡದು. ಕಾಗದಪತ್ರ, ಸರ್ವಿಸು, ವಿಮೆ ಎಲ್ಲ ಚೊಕ್ಕ. ಆದರೆ ಟೈರು ಸವೆದಿದ್ದವು, ಬಾಗಿಲ ಮೇಲೆ ಉದ್ದ ಗೀರು. ನನಗೆ ಇನ್ನೇನು ಬೇಕು? ಟೈರಿಗೊಂದು, ಗೀರಿಗೊಂದು ನಿಟ್ಟುಸಿರು ಬಿಟ್ಟೆ. "ನೋಡ್ರಿ ಅಣ್ಣಾ, ಔರಾದಿನ್ಯಾಗ ಇದಕ್ಕಿಂತ ಛೊಲೊ ಗಾಡಿ ನೋಡಿ ಬಂದೀವ್ರಿ" ಎಂದು ಸೆರಗು ಸರಿಮಾಡಿ ಹೊರಟ ಹಾಗೆ ಮಾಡಿದೆ. ಅವರು ಬೆಲೆ ಇಳಿಸಿದರು. ಮತ್ತೆ ಹೊರಟೆ. ಮತ್ತೆ ಇಳಿಸಿದರು! ಇನ್ನೊಂದು ಸಲ ಹೊರಟರೆ ಟೈರಿನ ಖರ್ಚೂ ಅವರ ತಲೆಗೇ ಎಂದು ಕಾಲು ಎತ್ತಿದ್ದೆ. ಅತ್ತೆ ಆಗಲೇ ಕಾರಿನ ಹಿಂದಿನ ಸೀಟಿನಲ್ಲಿ ಹೋಗಿ ಕೂತಿದ್ದರು. ಅವರ ಕಾಲನ್ನಷ್ಟೇ ಅಲ್ಲ, ತಲೆಯನ್ನೂ ನಾನು ನಂಬಿದ್ದೆ. ಏನಾದರೂ ಕೊಂಕು ತೆಗೆಯುತ್ತಾರೆ, ನನಗೆ ಬಲ ಬರುತ್ತದೆ ಎಂದುಕೊಂಡು, ಹೊರಡುವ ಆಟ ಬಿಟ್ಟು, ಡ್ರೈವರ್ ಸೀಟಿನಲ್ಲಿ ಕೂತು ಸ್ಟಿಯರಿಂಗ್ ಹಿಡಿದೆ.

ಹಿಂದಿನಿಂದ ಕೂಗು ಕೇಳಿಸಿತು. "ಇದೇ ಗಾಡಿ! ಯವ್ವಾ, ಇದೇ ಬೇಕು ನನಗ! ಅವ್ರು ಕೇಳಿದಷ್ಟು ಕೊಟ್ಟು ಬಿಡು!"

ಮಜ್ಜಿಗೆ ಇಲ್ಲ! ಹಂಪ್ ಇಲ್ಲ! ಕಾರು ಇನ್ನೂ ಚಾಲೂ ಕೂಡ ಆಗಿರಲಿಲ್ಲ!

ಔಷಧಿ ಅಂಗಡಿಯವರ ಮುಖ ಹುಣ್ಣಿಮೆಯಾಯಿತು. ನನ್ನದು ಅಮಾವಾಸ್ಯೆ. ಇಳಿದಿದ್ದ ಬೆಲೆ ನನ್ನ ಕಣ್ಣೆದುರೇ ಮೆಟ್ಟಿಲು ಹತ್ತಿಕೊಂಡು ಮೇಲೆ ಹೋಯಿತು. ಅದಕ್ಕೆ ಮೊಣಕಾಲು ನೋವೂ ಇರಲಿಲ್ಲ! ಕೈಗೆ ಕೈ ಕೊಟ್ಟು ವ್ಯಾಪಾರ ಮುಗಿದ ಮೇಲೆ ಅವರು ಸೌಜನ್ಯಕ್ಕೆ, "ಅಕ್ಕಾ, ದೊಡ್ಡ ಕನ್ನಡಿ ಕೆಳಗ ಈ ಸಣ್ಣ ಕನ್ನಡಿ ಅದ ಅಲ್ರಿ, ಹಿಂದ ಕೂತ ಹುಡುಗ್ರ ಮ್ಯಾಲ ಕಣ್ಣಿಡ್ಲಾಕ ಹಚ್ಚಿದ್ದೆ. ಕಿತ್ತಿ ಕೊಡ್ತೇನ್ರಿ" ಎಂದು ಕೈ ಚಾಚಿದರು.

"ಅದಕ್ಕ ಕೈ ಹಚ್ಚಬ್ಯಾಡ್ರಿ!" ಎಂದು ಅತ್ತೆ ಗುಡುಗಿದ ರೀತಿಗೆ ಅವರು ಎರಡು ಹೆಜ್ಜೆ ಹಿಂದೆ ಸರಿದರು. ಕುಂಕುಮ ನೋಡಿಕೊಳ್ಳಲು ಬೇಕೇನೋ ಎಂದುಕೊಂಡು ನಾನು ಕೀಲಿಕೈ ತೆಗೆದುಕೊಂಡೆ. ನಿಮಗೂ ಹೇಳುತ್ತೇನೆ: ಕಾರು ಕೊಳ್ಳಲು ಹೋಗುವಾಗ ಮನೆಯ ಹಿರಿಯರನ್ನು ಕರೆದೊಯ್ಯಿರಿ. ಬೆಲೆ ಮಾತಾಡುವಾಗ ಮಾತ್ರ ಅವರನ್ನು ಚಹಾದಂಗಡಿಯಲ್ಲಿ ಕೂರಿಸಿ!

ಪಂಚಮಿ ಬಂತು. ಬೆಳಿಗ್ಗೆ ಅತ್ತೆ ಇಳಕಲ್ ಸೀರೆ ಉಟ್ಟು, ಚಪ್ಪಲಿ ಬಿಟ್ಟು, ಬಾಗಿಲ ಅಂಚು ಹಿಡಿದು, ಮೊದಲು ಕೂತು ಆಮೇಲೆ ಒಂದೊಂದೇ ಕಾಲು ಒಳಗೆ ತೆಗೆದುಕೊಂಡರು. ಯಾರೂ ಮುಟ್ಟಲಿಲ್ಲ. ಔರಾದ ದಾಟಿದೆವು. ಎರಡೂ ಕಡೆ ಸೋಯಾಬೀನು ಹಸಿರು. ಯಜಮಾನರು ಮುಂದೆ ಬಾಯಿ ತೆರೆದು ನಿದ್ದೆ. ಹಿಂದೆ ಅಂಗೈ ಮೇಲೆ ಮಜ್ಜಿಗೆ ತುಂಬಿದ ಲೋಟ. ಒಂದು ಹನಿ ಚೆಲ್ಲಿರಲಿಲ್ಲ.

ನನಗೆ ತಡೆಯಲಾಗಲಿಲ್ಲ. "ಖರೇ ಹೇಳ್ರಿ ಅತ್ತಿ, ಎಲ್ಲಾ ಗಾಡ್ಯಾಗ ಏನೂ ಕಾಣ್ಸಂಗಿಲ್ಲ ಅಂತಿದ್ರಿ. ಇದ್ರಾಗ ಏನ್ ಕಾಣಸ್ತು ನಿಮಗ?"

"ನಿನ್ನ ಮಾರಿ."

ನನ್ನ ಮುಖವೇ? ತಲೆ ಎತ್ತಿದೆ. ಸಣ್ಣ ಕನ್ನಡಿಯಲ್ಲಿ ಅತ್ತೆ ನನ್ನನ್ನೇ ನೋಡುತ್ತಿದ್ದರು.

"ನೀ ಗಂಟ ಹೊತ್ತು ಬಸ್ಸಿಗಿ ಹೋಗ್ತಿದ್ದಿ. ನಾ ಬಾಗಲ್ದಾಗ ನಿಂತು ನೋಡ್ತಿದ್ದೆ. ಓಣಿ ತಿರುಗೋತನಕ ಬರೇ ಬೆನ್ನೇ ಕಾಣ್ತಿತ್ತು. ಹುಡುಗಿ ಅಳಕೋತ ಹೋಗ್ಲಾಕತ್ಯಾಳೋ, ನಕ್ಕೋತ ಹೋಗ್ಲಾಕತ್ಯಾಳೋ, ನನಗೇನ್ ಗೊತ್ತಾಗಬೇಕು? ಈಗರೆ ಮಾರಿ ನೋಡ್ಕೋತ ಹೋಗಬೇಕು ಅನ್ನಸ್ತು."

ಕನ್ನಡಿ ಮಸುಕಾಯಿತು. ರಸ್ತೆಯೂ ಮಸುಕಾಯಿತು. ಪಕ್ಕಕ್ಕೆ ಸರಿಸಿ ಬ್ರೇಕು ಒತ್ತಿದೆ. ತುಸು ಜೋರಾಗಿಯೇ ಒತ್ತಿದೆ ಎಂದು ಕಾಣುತ್ತದೆ. ಆ ಕಾರಿನಲ್ಲಿ ಮೊದಲ ಸಲ ಮಜ್ಜಿಗೆ ಚೆಲ್ಲಿತು, ಯಜಮಾನರ ಕುತ್ತಿಗೆಯ ಮೇಲೆ. ಅವರು ಗಾಬರಿಯಿಂದ ಎದ್ದು, "ಏನಾಯ್ತು, ಏನಾಯ್ತು?" ಎಂದರು.

"ಏನಿಲ್ಲೋ," ಎಂದರು ಅತ್ತೆ. "ಬ್ರೇಕ್ ಛೊಲೊ ಅದಾವ."

ಅಂಥ ಸಣ್ಣ ಕನ್ನಡಿ ಬೀದರಿನ ಯಾವ ಅಂಗಡಿಯಲ್ಲಾದರೂ ಒಂದು ಬ್ಲೌಸ್ ಪೀಸಿನ ಬೆಲೆಗೆ ಸಿಗುತ್ತದೆ, ಯಾವ ಕಾರಿಗಾದರೂ ಅಂಟಿಸಬಹುದಿತ್ತು. ಗೊತ್ತು, ನನಗೆ ಹೇಳಬೇಡಿ. ಭಾಲ್ಕಿಯಲ್ಲಿ ನಾನು ಕೊಟ್ಟ ಬೆಲೆ ಹೆಚ್ಚಾಯಿತು ಎನ್ನುವವರು ಒಮ್ಮೆ ನನ್ನೆದುರು ಬಂದು ಮಾತಾಡಲಿ!

ಠಾಣಾ ಕುಶನೂರ ಬಂತು. ಕಾರಿನ ಸದ್ದಿಗೆ ಅತ್ತೆಯ ತಮ್ಮ ಓಡಿ ಬಂದು, "ಅಕ್ಕಾ!" ಎಂದು ಬಾಗಿಲು ತೆರೆದು ಕೈ ಚಾಚಿದರು. ಅತ್ತೆ ಆ ಕೈಗೆ ಮಜ್ಜಿಗೆಯ ಲೋಟ ಕೊಟ್ಟರು. ಒಂದು ಕಾಲು ಹೊರಗಿಟ್ಟರು, ಇನ್ನೊಂದು ಇಟ್ಟರು, ಎದ್ದು ನಿಂತರು. ಸೆರಗು ಸರಿಮಾಡಿಕೊಂಡರು. ತವರಿನ ಅಂಗಳದ ಕಡೆ ಹೊರಟವರು ಏನೋ ನೆನಪಾದಂತೆ ತಿರುಗಿ ಬಂದು, ನನ್ನ ಬಾಗಿಲನ್ನು ತಾವೇ ತೆರೆದು ಕೈ ನೀಡಿದರು.

"ಇಳಿ ಯವ್ವಾ. ನಮ್ಮ ಮಂದಿಗಿ ನಿನ್ನ ಮಾರಿ ತೋರಸ್ತೇನಿ."