ಗಂಜಿಯ ಗೋಡೆಯೂ ಕನ್ನಡಿಯೊಳಗಿನ ಹೋತವೂ

ಮಾನ್ಯ ಕರಕಮಲಗಳೇ,

ಗದಗು-ಬೆಟಗೇರಿಯ ನೇಕಾರರ ಓಣಿಯಿಂದ, ಕರಡು ತಿದ್ದುವ ಕಾಯಕದಿಂದ ನಿವೃತ್ತನಾದ ಕುಬೇರಪ್ಪನು ಎರಡೂ ಕೈ ಜೋಡಿಸಿ ಮಾಡುವ ನಮಸ್ಕಾರಗಳು. ಕೈಗಳಿಗೆ ಕೈಗಳೇ ನಮಸ್ಕರಿಸುವುದು ಉಚಿತವೆಂದು ಭಾವಿಸಿದ್ದೇನೆ. ತಮ್ಮ ಹೆಸರಾಗಲಿ, ಊರಾಗಲಿ, ಮುಖವಾಗಲಿ ನನಗೆ ತಿಳಿಯದು. ‘ಇಕ್ಕಟ್ಟಿನೊಳಗೊಂದು ಅರಮನೆ’ ಎಂಬ ತಮ್ಮ ವಾಹಿನಿಯಲ್ಲಿ ನನ್ನ ಧರ್ಮಪತ್ನಿ ನೀಲಗಂಗವ್ವ ಜಂಗಮವಾಣಿಯ ಪರದೆಯ ಮೇಲೆ ದಿನವೂ ದರ್ಶನ ಪಡೆಯುವುದು ಮಣಿಕಟ್ಟಿನವರೆಗಿನ ಎರಡು ಕೈಗಳದ್ದು ಮಾತ್ರ. ಆ ಬೆರಳುಗಳಿಗೆ ಅಂಟು ಅಂಟುವುದಿಲ್ಲ, ಬಣ್ಣ ತಾಗುವುದಿಲ್ಲ, ಸುತ್ತಿಗೆಯ ಏಟು ಬೀಳುವುದಿಲ್ಲ. ಇಂಥ ನಿರ್ಲಿಪ್ತತೆಯು ದೊಡ್ಡ ದೊಡ್ಡ ವಿರಕ್ತರಿಗೂ ದಕ್ಕಿದ್ದನ್ನು ನಾನು ಕಂಡಿಲ್ಲವಾದ್ದರಿಂದ, ಮೊದಲು ಅಭಿನಂದನೆಗಳನ್ನು ಸಲ್ಲಿಸಿ, ಆಮೇಲೆ ದೂರನ್ನು ಸಲ್ಲಿಸುತ್ತೇನೆ.

ನಮ್ಮದು ಒಂದು ಪಡಸಾಲೆ, ಒಂದು ಅಡುಗೆಮನೆ ಇರುವ ಮನೆ. ಅದು ಚಿಕ್ಕದೆಂಬ ವಿಚಾರವು ಇಷ್ಟು ವರ್ಷ ಯಾರನ್ನೂ ಬಾಧಿಸಿರಲಿಲ್ಲ. ಲಕ್ಷ್ಮೇಶ್ವರಕ್ಕೆ ಕೊಟ್ಟಿರುವ ನಮ್ಮ ಮಗಳು ವಾಣಿಶ್ರೀ ಚೊಚ್ಚಲ ಬಸುರಿಯಾಗಿ, ಆಕೆಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ ಕುಬಸ ಮಾಡುವ ಕಾಲ ಬಂದಾಗಲೇ ತಕರಾರು ಎದ್ದದ್ದು. “ಯವ್ವಾ, ನನ್ನ ಕುಬಸ ನಮ್ಮ ಮನ್ಯಾಗ ಆಗಬೇಕ ನೋಡು, ಬಾಡಿಗಿ ಮಂಟಪದಾಗ ನಾ ಕುಂಡ್ರಂಗಿಲ್ಲ” ಎಂದು ಮಗಳು ಹಟ ಹಿಡಿದಳು. ಆಕೆಯ ಅತ್ತೆ, ಅರ್ಥಾತ್ ನಮ್ಮ ಬೀಗತಿ ತಿಪ್ಪವ್ವನವರು, “ನಿಮ್ಮ ಮನ್ಯಾಗ ನಾಕ್ ಮಂದಿ ಕುಂತ್ರ ಐದನೇದಾಕಿ ಕಟ್ಟಿಮ್ಯಾಗ ಕುಂಡ್ರಬೇಕ್ರಿ. ಇರ್ಲಿ, ಮಂಗಳವಾರ ಬಂದು ಒಮ್ಮಿ ಮನಿ ನೋಡಿ ಹೇಳ್ತೀನಿ” ಎಂದು ತೀರ್ಪನ್ನು ಕಾಯ್ದಿರಿಸಿದರು. ಬೀಗತಿಯು ಬಂದು ಅಳೆಯುವ ಮೊದಲು ಮನೆಯು ಬೆಳೆಯಬೇಕಾಗಿತ್ತು. ಮಗಳ ಆಸೆಯು ಆ ಬೆಳವಣಿಗೆಯನ್ನೇ ನೆಚ್ಚಿಕೊಂಡಿತ್ತು. ಆಗ ನನ್ನ ಮಡದಿಯು ಶರಣಾದದ್ದು ತಮಗೆ.

ಖರ್ಚಿಲ್ಲದೆ, ಕುಶಲಕರ್ಮಿಗಳ ಹಂಗಿಲ್ಲದೆ, ಮನೆಯವರೇ ಮನೆಯನ್ನು ಸಿಂಗರಿಸುವ ಈ ವಿದ್ಯೆಗೆ ತಾವು ಬಳಸುವ ಇಂಗ್ಲಿಷ್ ಹೆಸರನ್ನು ನಾನು ಉಚ್ಚರಿಸಲಾರೆ. ‘ಸ್ವಹಸ್ತಶೃಂಗಾರ’ ಎಂದು ಕರೆದುಕೊಂಡಿದ್ದೇನೆ. ತಾವು ಬೇಕಾದರೆ ಬಳಸಿಕೊಳ್ಳಬಹುದು. ಈ ಸ್ವಹಸ್ತಶೃಂಗಾರದ ದೆಸೆಯಿಂದ ನಮ್ಮ ಮನೆಯಲ್ಲಿ ಖಾಲಿ ಶೀಸೆಗಳೆಲ್ಲ ಹೊಂಬಣ್ಣ ಬಳಿದುಕೊಂಡು ಹೂದಾನಿಗಳಾದವು. ಔಷಧದ ಶೀಸೆಯೊಂದು ಖಾಲಿಯಾಗುವ ಮೊದಲೇ ಬಡ್ತಿ ಪಡೆಯಿತು. ತೆಂಗಿನ ಚಿಪ್ಪುಗಳು ದೀಪಗಳಾದವು. ಸೇಬಿನ ಹಣ್ಣಿನ ಕಟ್ಟಿಗೆಯ ಪೆಟ್ಟಿಗೆಯು ದಿಂಬು ಹೊದ್ದು ಆಸನವಾಯಿತು. ಅದರೊಳಗೆ ಉಳಿದುಕೊಂಡ ಮೊಳೆಯೊಂದು, ತನ್ನ ಮೇಲೆ ಕುಳಿತವರಾರೂ ಮೈಮರೆಯದಂತೆ ಇಂದಿಗೂ ಎಚ್ಚರ ವಹಿಸುತ್ತಿದೆ.

ಇವನ್ನೆಲ್ಲ ನಾನು ಸಹಿಸಿದೆ. ಆದರೆ ‘ಮನೆಯಲ್ಲಿ ಸುಮ್ಮನೆ ಬಿದ್ದಿರುವ ದಪ್ಪ ಪುಸ್ತಕಗಳನ್ನು ಒಂದರ ಮೇಲೊಂದಿಟ್ಟು, ಸೆಣಬಿನ ಹಗ್ಗ ಸುತ್ತಿ, ಮೇಲೊಂದು ಹಲಗೆ ಹಾಕಿದರೆ ಚಂದದ ಮೇಜಾಗುತ್ತದೆ’ ಎಂದು ತಾವು ಅಪ್ಪಣೆ ಕೊಡಿಸಿದ ದಿನ ನನ್ನ ನಿಘಂಟಿನ ಸಂಪುಟಗಳೆಲ್ಲ ಕಂಬಗಳಾದವು. ಪದವೊಂದರ ಅರ್ಥ ಬೇಕೆಂದರೆ ಈಗ ನಾನು ಚಿಪ್ಪಿನ ದೀಪವನ್ನು ಇಳಿಸಿ, ಹೂದಾನಿಯನ್ನು ಸರಿಸಿ, ಹಲಗೆಯನ್ನು ಎತ್ತಿ, ಹಗ್ಗವನ್ನು ಬಿಚ್ಚಬೇಕು. ಅಷ್ಟರಲ್ಲಿ ಪದವೇ ಮರೆತುಹೋಗಿರುತ್ತದೆ. ಈ ಪತ್ರದಲ್ಲಿ ಎಲ್ಲಿಯಾದರೂ ಅಕ್ಷರದೋಷ ಕಂಡುಬಂದರೆ ಅದರ ಸಂಪೂರ್ಣ ಹೊಣೆ ತಮ್ಮದೆಂದು ಈ ಮೂಲಕ ಪ್ರಕಟಪಡಿಸುತ್ತೇನೆ.

ಇನ್ನು ಗೋಡೆಯ ವಿಚಾರ. ಹಳೆಯ ಸೀರೆಗಳನ್ನು ಗೋಡೆಗೆ ಅಂಟಿಸಿ, ಎದುರಿಗೊಂದು ದೊಡ್ಡ ಕನ್ನಡಿ ನಿಲ್ಲಿಸಿದರೆ ಕೋಣೆಯು ಇಮ್ಮಡಿಯಾಗಿ ಕಾಣುವುದೆಂದು ತಾವು ಬೋಧಿಸಿದಿರಿ. ಕನ್ನಡಿಯು ಪಕ್ಕದ ಮನೆಯ ಫಕೀರಬಿಯವರಿಂದ ಬಂತು. ಆಕೆಯ ಪತಿ ಮೌಲಾಸಾಬರು ತಮ್ಮ ಬಟ್ಟೆಯಂಗಡಿಗೆ ಹೊಸ ಕನ್ನಡಿ ಹಾಕಿಸಿ, ಆಳೆತ್ತರದ ಹಳೆಯದನ್ನು ಹಿತ್ತಲಿಗೆ ಒರಗಿಸಿದ್ದರು. ಅದು ಬಂದ ಮೇಲೆ ಪಡಸಾಲೆಯು ಎರಡಾದದ್ದು ನಿಜ. ಕನ್ನಡಿಯ ಆಚೆಯ ಪಡಸಾಲೆಯಲ್ಲಿಯೂ ನನ್ನಂಥದೇ ಮುದುಕನೊಬ್ಬನು ನಿಘಂಟಿಗಾಗಿ ತಡಕಾಡುತ್ತಿದ್ದುದನ್ನು ಕಂಡು ನನಗೆ ಸ್ವಲ್ಪ ಸಮಾಧಾನವೂ ಆಯಿತು.

ಆದರೆ ಸೀರೆ ಅಂಟಿಸಲು ತಾವು ಹೇಳಿದ ಅಂಟನ್ನು ನನ್ನ ಮಡದಿಯು ಕೊಳ್ಳಲಿಲ್ಲ. ಆಕೆ ನೇಕಾರರ ಮನೆಯ ಮಗಳು. “ಆ ಡಬ್ಬಿ ಅಂಟು ಯಾಕ ಬೇಕ್ರಿ? ನಮ್ಮಪ್ಪ ನೂಲಿಗೆ ಗಂಜಿ ಹಚ್ಚಿದ್ರ ಕೋಲಿನಂಗ ನಿಂದರ್ತಿತ್ತು. ಸೀರಿಗೆ ಗಂಜಿ ಹೊಸಾದೇನು?” ಎಂದವಳೇ ಒಲೆಯ ಮೇಲೆ ಜೋಳದ ಹಿಟ್ಟಿನ ಗಂಜಿ ಕುದಿಯಲಿಟ್ಟಳು. ಎದುರಿಗೆ ಜಂಗಮವಾಣಿಯನ್ನು ಒರಗಿಸಿ, ತಮ್ಮ ವಾಹಿನಿಯ ಆ ಟಿಣಿಟಿಣಿ ರಾಗವನ್ನು ಹಚ್ಚಿ, ಪಾತ್ರೆ ಪಾತ್ರೆ ಗಂಜಿ ಕಾಸಿ, ಗಿಳಿಹಸಿರು ಸೀರೆಯೊಂದನ್ನೂ ಟೊಮೆಟೊ ಬಣ್ಣದ ಸೀರೆಯೊಂದನ್ನೂ ಗೋಡೆಗೆ ಮೆತ್ತಿದಳು. ಮಿಕ್ಕ ಗಂಜಿಯನ್ನು ಚೆಲ್ಲುವುದು ನಮ್ಮ ಕಡೆಯವರಿಂದ ಆಗದ ಮಾತು. ಫಕೀರಬಿಯವರ ಹೋತವನ್ನು ಬಾಗಿಲಿಗೆ ಕರೆದು ಅದಕ್ಕೆ ಕುಡಿಸಿದಳು. ಅದರ ಹೆಸರು ಸರದಾರ. ನಾಲ್ಕು ದಿನಗಳಲ್ಲಿಯೇ ಆ ಹೋತವು, ಟಿಣಿಟಿಣಿ ರಾಗ ಕೇಳಿದರೆ ಗಂಜಿ ಬರುತ್ತದೆಂಬ ಶಾಸ್ತ್ರವನ್ನು ಮನಗಂಡಿತ್ತು. ಗೋಡೆಯ ಕಾರ್ಯ ಮುಗಿದು, ಗಂಜಿಯ ಪೂರೈಕೆಯು ನಿಂತುಹೋದ ಸಂಗತಿಯನ್ನು ಅದಕ್ಕೆ ತಿಳಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಮಂಗಳವಾರ ತಿಪ್ಪವ್ವನವರು ಬಂದರು. ಮೊಳೆಯಿಲ್ಲದ ಜಾಗವನ್ನು ಹುಡುಕಿ ಕುಳಿತರು. ಚಾಳೀಸು ಕನ್ನಡಕವನ್ನು ಚೀಲದಲ್ಲಿಯೇ ಇರಿಸಿಕೊಂಡು ಎದುರಿಗೆ ದಿಟ್ಟಿಸಿ, ತಮ್ಮನ್ನೇ ಗಂಭೀರವಾಗಿ ನೋಡುತ್ತಿದ್ದ ಹೆಂಗಸಿಗೆ ಕೈ ಮುಗಿದು, “ಬರ್ರಿ ಅಕ್ಕಾರ, ಯಾವೂರು ತಮ್ಮದು?” ಎಂದು ವಿಚಾರಿಸಿದರು. ಎದುರಿನ ಹೆಂಗಸೂ ಕೈ ಮುಗಿದಳಾದರೂ ಊರು ಹೇಳಲಿಲ್ಲ. “ಇಷ್ಟ್ ಸೊಕ್ಕಿನ ಮಂದಿನ ಎಲ್ಲಿಂದ ಕರಸೀರಿ” ಎಂದು ಬೀಗತಿಯು ನನ್ನ ಮಡದಿಯನ್ನು ಕೇಳಿದರು. ಆಮೇಲೆ ಚಾಳೀಸು ಹೊರಬಂತು. ಕನ್ನಡಿಯೆಂದು ತಿಳಿಯಿತು. ಅವರ ಮುಖ ಬಿಗಿಯಿತು. ಕನ್ನಡಿಯಲ್ಲಿ ಅದೇ ಬಿಗಿಯು ಇನ್ನೊಂದು ಪಾಲು ಕಾಣಿಸಿತು. ಮಗಳ ಕುಬಸವು ಲಕ್ಷ್ಮೇಶ್ವರದ ಮಂಟಪದ ಕಡೆಗೆ ಅರ್ಧ ದಾರಿ ನಡೆದುಹೋಯಿತೆಂದು ನನಗೆ ಸ್ಪಷ್ಟವಾಯಿತು.

ಪರಿಸ್ಥಿತಿಯನ್ನು ಸಾವರಿಸಲು ನನ್ನ ಮಡದಿಯು, “ಇದನ್ನೆಲ್ಲಾ ಹೆಂಗ ಮಾಡೀನಿ ತೋರಸ್ತೀನಿ ನೋಡ್ರಿ” ಎಂದು ಜಂಗಮವಾಣಿಯನ್ನು ಒತ್ತಿದಳು. ತಮ್ಮ ರಾಗವು ಟಿಣಿಟಿಣಿಸಿತು.

ಸರದಾರನು ಬಂದ ವೇಗವನ್ನು ವರ್ಣಿಸಲು ಪದವೊಂದಿದೆ, ಅದು ಮೇಜಿನ ಕೆಳಗಿನ ಸಂಪುಟದಲ್ಲಿದೆ. ಒಳನುಗ್ಗಿದವನು ಪಾತ್ರೆ ಕಾಣದೆ ಅರೆಗಳಿಗೆ ನಿಂತು, ಗೋಡೆಯನ್ನು ಮೂಸಿ, ಇಡೀ ಗೋಡೆಯೇ ಗಂಜಿಯೆಂಬುದನ್ನು ಅರಿತು ಧನ್ಯನಾದನು. ಗಿಳಿಹಸಿರು ಸೀರೆಯ ಅಂಚನ್ನು ಕಚ್ಚಿ ಎಳೆದ ಭರಕ್ಕೆ ಸೀರೆಯು ಪೂರ್ತಿ ಕಳಚಿ ಬೀಗತಿಯ ತಲೆಯ ಮೇಲೆ ಮೇಲಾವರಣದಂತೆ ಇಳಿಯಿತು. ಗಂಜಿ ತಿಂದ ಸೀರೆಯಾದ್ದರಿಂದ ಅದು ಮುದುಡದೆ, ಅವರ ಸುತ್ತ ಒಂದು ಚಿಕ್ಕ ಡೇರೆಯಂತೆ ನಿಂತುಕೊಂಡಿತು. ನೇಕಾರರ ಗಂಜಿಯ ಗುಣಮಟ್ಟದ ಬಗ್ಗೆ ನನ್ನ ಮಡದಿ ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಅಷ್ಟರಲ್ಲಿ ಸರದಾರನಿಗೆ, ಕನ್ನಡಿಯ ಆಚೆಯ ಪಡಸಾಲೆಯಲ್ಲಿ ಇನ್ನೊಂದು ಹೋತವು ಇನ್ನೊಂದು ಸೀರೆಯನ್ನು ತಿನ್ನುತ್ತಿರುವುದು ಕಂಡಿತು. ಸ್ವಾಭಿಮಾನಿಯಾದ ಆತನು ನಿಘಂಟಿನ ಮೇಲೇರಿದನು. ಅಷ್ಟು ಉತ್ಸಾಹದಿಂದ ನಿಘಂಟನ್ನು ಸಮೀಪಿಸಿದವರನ್ನು ನನ್ನ ಸೇವಾವಧಿಯಲ್ಲಿಯೇ ನಾನು ಕಂಡಿರಲಿಲ್ಲ. ಅಲ್ಲಿಂದ ಕೋಡು ತಗ್ಗಿಸಿ ಹಾರಿದಾಗ ನಾನು ಕನ್ನಡಿಯ ಹಿಂದೆ ನಿಂತು ಅದನ್ನು ತಬ್ಬಿ ಹಿಡಿದಿದ್ದೆ. ಕುಬಸದ ಮನೆಯಲ್ಲಿ ಕನ್ನಡಿ ಒಡೆದರೆ ಆಡಿಕೊಳ್ಳುವ ಬಾಯಿಗಳನ್ನು ಯಾವ ಅಂಟಿನಿಂದಲೂ ಮುಚ್ಚಲಾಗದು. ಅಂಗಡಿಯ ದಪ್ಪ ಗಾಜು ಉಳಿಯಿತು. ನನ್ನ ಸೊಂಟವು ಮಾತ್ರ ಅಂದಿನಿಂದ ತಮ್ಮ ವಾಹಿನಿಯ ಹೆಸರನ್ನು ಆಗಾಗ ಸ್ಮರಿಸುತ್ತದೆ. ಬಾಗಿಲಲ್ಲಿ ಕೋಲು ಹಿಡಿದು ನಿಂತ ಫಕೀರಬಿಯವರು, “ಏ ಸರದಾರ, ಹೊರಗ ಬಾರಲೇ, ಅದು ನಿಂದ ಮಾರಿ ಐತಿ. ಮಾರಿ ನೋಡಿ ಇಷ್ಟ್ ಸಿಟ್ಟಾದ್ರ ನಮ್ಮ ಗತಿ ಏನು” ಎಂದು ಬುದ್ಧಿ ಹೇಳುತ್ತಿದ್ದರು.

ನನ್ನ ಮಡದಿಯು ಅಡುಗೆಮನೆಯ ಹೊಸ್ತಿಲಲ್ಲಿ ಸೆರಗು ಬಾಯಿಗೊತ್ತಿ ಕುಳಿತುಬಿಟ್ಟಳು. ಮಗಳಿಗೆ ಏನು ಹೇಳಲಿ ಎಂಬ ಒಂದೇ ಚಿಂತೆ ಆಕೆಯ ಕಣ್ಣಲ್ಲಿತ್ತು. ಆಗ ಹಸಿರು ಡೇರೆಯೊಳಗಿಂದ ಸದ್ದೊಂದು ಹೊರಟಿತು. ಅಳುವೆಂದು ತಿಳಿದೆವು. ಸೀರೆ ಸರಿಸಿ ನೋಡಿದರೆ ತಿಪ್ಪವ್ವನವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಕಣ್ಣೊರೆಸಿಕೊಂಡು, ಮತ್ತೆ ಹೋತವನ್ನು ನೋಡಿ, ಮತ್ತೆ ನಕ್ಕು, ಕೊನೆಗೆ ಹೇಳಿದರು: “ನೀಲಗಂಗವ್ವ, ಮನಿ ಸಣ್ಣದು ಅಂತ ನನಗ ಮೊದಲ ಗೊತ್ತಿತ್ತವಾ, ಕನ್ನಡ್ಯಾಗ ದೊಡ್ಡದು ಮಾಡಿ ಯಾರಿಗೆ ತೋರಸ್ತೀ? ಮಂಟಪದಾಗ ಉಂಡು ಕೈ ತೊಳಕೊಂಡು ಬರೂದ ಐತಿ, ಇಂಥಾ ಮಜಾ ಅಲ್ಲಿ ಎಲ್ಲಿ ಸಿಗತೈತಿ. ಕುಬಸ ಇಲ್ಲೇ ಆಗಲಿ. ಮನಿ ಹಿಡೀಲಿಲ್ಲಂದ್ರ ಓಣಿ ಐತೆಲ್ಲ. ಆದ್ರ ಅವತ್ತ ಈ ಸರದಾರನ್ನ ಮಾತ್ರ ಎಲ್ಲಿಗೂ ಕಳಸಬ್ಯಾಡ್ರಿ.”

ಹಾಗೆಯೇ ಆಯಿತು. ಗೋಡೆಯ ಸೀರೆಗಳು ಓಣಿಯ ಉದ್ದಕ್ಕೂ ಚಪ್ಪರವಾದವು. ಎದುರುಮನೆ, ಹಿಂದಿನಮನೆಗಳ ಸೀರೆಗಳೂ ಗಂಜಿ ಕುಡಿದು ಅವುಗಳೊಡನೆ ಸೇರಿದವು. ವಾಣಿಶ್ರೀಯು ಮನೆಯೊಳಗೆ, ತನ್ನ ತಾಯಿಯ ಪಕ್ಕದಲ್ಲಿಯೇ ಕುಳಿತಳು. ಬಳೆ ತೊಡಿಸಿದ ಕೈಗಳಲ್ಲಿ ಫಕೀರಬಿಯವರ ಕೈಗಳೂ ಇದ್ದವು. ತೋಳು, ಹೆಗಲು, ಮುಖ ಎಲ್ಲವೂ ಇರುವ ಕೈಗಳವು. ಸೊರಟೂರ, ಶಿರಹಟ್ಟಿಗಳಿಂದ ಬಂದ ನೆಂಟರು ಓಣಿಯಲ್ಲಿ ಪಂಕ್ತಿ ಕುಳಿತು ಉಂಡರು. ಕನ್ನಡಿಯನ್ನು ಬಾಗಿಲ ಬಳಿ ನಿಲ್ಲಿಸಿದ್ದರಿಂದ ಪಂಕ್ತಿಯು ಇಮ್ಮಡಿಯಾಗಿ ಕಂಡು, ಬಡಿಸುವವರೊಬ್ಬರು ಕನ್ನಡಿಯ ಆಚೆಗೂ ಹೋಳಿಗೆ ನೀಡಲು ಹೋಗಿದ್ದರು.

ಹಾಗಾದರೆ ದೂರೇನೆಂದು ತಾವು ಕೇಳಬಹುದು. ದೂರು ಇದೇ: ತಮ್ಮ ವಿದ್ಯೆಯು ಸಂಪೂರ್ಣವಾಗಿ ಕೈಕೊಟ್ಟಿದ್ದರಿಂದ ನಮ್ಮ ಮನೆಯಲ್ಲಿ ಅದು ಸಂಪೂರ್ಣವಾಗಿ ಯಶಸ್ವಿಯಾಗಿದೆ. ನನ್ನ ಮಡದಿಗೆ ಈಗ ತಮ್ಮಲ್ಲಿ ಅಚಲವಾದ ಶ್ರದ್ಧೆ ಹುಟ್ಟಿದ್ದು, ಗೋಡೆಯ ಮೇಲೆ ಉಳಿದ ನಾಲಗೆಯಾಕಾರದ ಹಸಿರು ಕಲೆಯನ್ನು ‘ಡಿಜೈನು’ ಎಂದು ನೆರೆಯವರಿಗೆ ತೋರಿಸುತ್ತಿದ್ದಾಳೆ. ಮುಂದಿನ ಸರದಿ ನನ್ನ ಓದುವ ಕುರ್ಚಿಯದೆಂಬ ಸುಳಿವೂ ಸಿಕ್ಕಿದೆ. ಆದುದರಿಂದ ತಾವು ದಯಮಾಡಿ ಒಮ್ಮೆ ಪರದೆಯಿಂದ ಹೊರಗೆ ಚಾಚಿ, ಆ ಹಲಗೆಯನ್ನೆತ್ತಿ, ಹಗ್ಗ ಬಿಚ್ಚಿ, ನನ್ನ ನಿಘಂಟನ್ನು ನನಗೆ ಮರಳಿಸಬೇಕು. ಅದು ಸಾಧ್ಯವಾಗದಿದ್ದರೆ, ಒಂದೇ ಒಂದು ದಿನ, ತಮ್ಮ ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಅಂಟು ಅಂಟಿ ಬಿಡಿಸಿಕೊಳ್ಳಲಾಗದೆ ಪರದಾಡುವುದನ್ನಾದರೂ ತೋರಿಸಬೇಕು. ಅದನ್ನು ನೋಡಲು ನಾನೇ ಖುದ್ದಾಗಿ ಚಂದಾದಾರನಾಗುತ್ತೇನೆ.

ಮಣಿಕಟ್ಟಿನವರೆಗೆ ಮಾತ್ರ,
ತಮ್ಮ ವಿಶ್ವಾಸಿ,
ಕುಬೇರಪ್ಪ
ನೇಕಾರರ ಓಣಿ, ಬೆಟಗೇರಿ

ಮರೆತ ಮಾತು: ಇಷ್ಟರಲ್ಲಿಯೇ ಮುಖ ತೋರಿಸುವುದಾಗಿ ತಾವು ಸಾರಿದ್ದೀರೆಂದು ಮಡದಿ ಹೇಳಿದಳು. ಆ ದುಡುಕನ್ನು ಮಾಡಬೇಡಿ. ತಮ್ಮ ಟಿಣಿಟಿಣಿ ರಾಗ ಕೇಳಿದಾಗಲೆಲ್ಲ ಸರದಾರನು ಈಗಲೂ ಬಂದು ಕಿಟಕಿಯಲ್ಲಿ ನಿಲ್ಲುತ್ತಾನೆ, ಗಂಜಿ ಸಿಗದೆ ಹಿಂದಿರುಗುತ್ತಾನೆ. ಇದಕ್ಕೆ ಕಾರಣರು ಯಾರೆಂಬುದು ಆತನಿಗೆ ಇನ್ನೂ ತಿಳಿದಿಲ್ಲ.