ಇಲಿಯ ಖುಷಿ

ಇಲಿಗೆ ಖುಷಿಯಾಗಲಿಲ್ಲ. ಓರೆಸ್ಟನ ಕಷ್ಟಕ್ಕೆಲ್ಲ ಮೂಲ ಇಷ್ಟೇ.

ವಿನ್ನಿಪೆಗ್‌ನ ಆ ಪ್ರಯೋಗಾಲಯದಲ್ಲಿ ಇಲಿಯ ಖುಷಿಯ ಚಿತ್ರ ತೆಗೆಯುವುದೇ ಅವನ ಉದ್ಯೋಗ. ಇಲಿಯ ತಲೆಬುರುಡೆಯಲ್ಲಿ ಕಡಲೆಬೇಳೆಯಷ್ಟು ಗಾಜಿನ ಕಿಟಕಿ, ಅದರ ಮೇಲೆ ಸೂಕ್ಷ್ಮದರ್ಶಕ. ಸಿಹಿ ಸಿಕ್ಕಿ ಇಲಿ ಹಿಗ್ಗಿದರೆ ಅದರ ಮಿದುಳಿನ ನರತಂತುಗಳು ಪರದೆಯ ಮೇಲೆ ಹಸಿರಾಗಿ ಮಿನುಗಬೇಕು. ಮಧ್ಯಾಹ್ನ ಮುಖ್ಯಸ್ಥೆ ಮ್ಯೂರಿಯಲ್ ಮೇಡಂ ನೋಡಲು ಬರುವವರಿದ್ದರು. ಮಿನುಗಿದರೆ ಸಂಶೋಧನಾ ಪ್ರಬಂಧದ ಲೇಖಕರ ಸಾಲಿನಲ್ಲಿ ಮೊದಲ ಹೆಸರು ಓರೆಸ್ಟನದು. ಇಲ್ಲದಿದ್ದರೆ ಪಕ್ಕದ ಮೇಜಿನ ಗೋರ್ಡನದು. ಆ ಮೊದಲ ಹೆಸರಿನ ಆಸೆಯಲ್ಲೇ ಓರೆಸ್ಟ್ ವರ್ಷಗಟ್ಟಲೆ ಜೀವ ತೇಯ್ದಿದ್ದ. ಇಲಿಯೋ ಸಕ್ಕರೆ ನೀರು ನೆಕ್ಕಿ, ಹರಳೆಣ್ಣೆ ಕುಡಿದವರ ಹಾಗೆ ಮುಖ ಮಾಡಿಕೊಂಡು ಕೂತಿತ್ತು. ಪರದೆ ಕಪ್ಪಗಿತ್ತು.

"ಬೆಳ್ಳುಳ್ಳಿ ಸಾಸೇಜ್ ತಿಂದು ಬಂದಿದ್ದೀಯಲ್ಲೋ! ನಂಗೇ ತಡೆಯೋಕಾಗ್ತಿಲ್ಲ, ಇನ್ನು ಇಲಿ ಗತಿ ಏನು?" ಎಂದ ಗೋರ್ಡ್.

ಓರೆಸ್ಟ್ ಬಾಯಿ ತೊಳೆಯಲು ಓಡಿದ. ಬಾಯಲ್ಲಿ ಇನ್ನೂ ನೊರೆ ಇರುವಾಗಲೇ ಗೋರ್ಡನ ಕೂಗು ಕೇಳಿತು: "ಬಾರೋ, ಮಿನುಗ್ತಿದೆ!" ಎದ್ದೆನೋ ಬಿದ್ದೆನೋ ಎಂದು ಬಂದು ನೋಡಿದರೆ ಪರದೆ ಮತ್ತೆ ಕಪ್ಪು.

"ಈಗ್ತಾನೇ ಇತ್ತಪ್ಪ, ದೇವರಾಣೆ!"

ಇಲಿಗಳನ್ನು ಸಾಕುವ ಬರ್ನಡೆಟ್ ಅಜ್ಜಿ ನಿಟ್ಟುಸಿರುಬಿಟ್ಟರು. "ಸಕ್ಕರೆ ನೀರು ಸಾಕಾಗಿದೆ ಕಣಪ್ಪ ಅದಕ್ಕೆ. ನನ್ನ ಮೊಮ್ಮಗಳೂ ಹೀಗೇ. ಹೋಗಿ ಮೇಪಲ್ ಸಿರಪ್ ತಗೊಂಡು ಬಾ."

ಸಿರಪ್ ತಂದ. ಅಷ್ಟರಲ್ಲಿ ಇನ್ನೊಂದು ಸಲ ಮಿನುಗಿ ಆರಿಹೋಗಿತ್ತಂತೆ. ಇಬ್ಬರೂ ಸೇರಿ ತನ್ನನ್ನು ಆಟ ಆಡಿಸುತ್ತಿದ್ದಾರೆಂದು ಓರೆಸ್ಟನಿಗೆ ಅಳುವೇ ಬಂತು.

ಮೇಡಂ ಬಂದರು. ಕೂರಲು ಕುರ್ಚಿ ಇರಲಿಲ್ಲ. ತರಲು ಹೋದ ಓರೆಸ್ಟ್ ಅದನ್ನು ತಲೆಯ ಮೇಲೆ ಹೊತ್ತು ಮರಳುವಾಗ ಒಳಗಿಂದ "ಆಹಾ, ಅದ್ಭುತ!" ಎಂಬ ಉದ್ಗಾರ ಕೇಳಿತು. ಅವನು ಹೊಸ್ತಿಲು ದಾಟಿದ್ದೇ ತಡ, ಎಲ್ಲ ಆರಿತು. ಮೇಡಂ ಪರದೆ ನೋಡಿದರು, ಓರೆಸ್ಟನನ್ನು ನೋಡಿದರು.

"ಸ್ವಲ್ಪ ಆಚೆ ಹೋಗು... ಈಗ ಬಾ... ಮತ್ತೆ ಹೋಗು."

ಅವನು ಹೋದ, ಬಂದ, ಮತ್ತೆ ಹೋದ.

"ಸಿಹಿಗಲ್ಲ ಕಣೋ! ನೀನು ತೊಲಗಿದ್ರೆ ಅದಕ್ಕೆ ಖುಷಿ!" ಎಂದು ಗೋರ್ಡ್ ಕುಣಿದ.

"ಪೀಡೆ ಕಳೆದಾಗಿನ ಸುಖ! ಇಷ್ಟು ಸ್ಪಷ್ಟವಾಗಿ ನಾನಂತೂ ಎಲ್ಲೂ ನೋಡಿಲ್ಲ!" ಮೇಡಂ ಚಪ್ಪಾಳೆ ತಟ್ಟಿದರು.

ಓರೆಸ್ಟನಿಗೆ ಅವಮಾನವಾಯಿತು, ಸುಳ್ಳೇಕೆ. ಆದರೂ ಶೋಧ ಶೋಧವೇ ಎಂದು ಸಮಾಧಾನ ಮಾಡಿಕೊಂಡು ಬಾಗಿಲಾಚೆಯಿಂದಲೇ ಕೇಳಿದ: "ಹಾಗಾದ್ರೆ ಮೊದಲ ಹೆಸರು ನಂದೇ ಅಲ್ವಾ ಮೇಡಂ?"

"ಅದು ಹೇಗಾಗುತ್ತೆ? ಪೀಡೆನೇ ಪ್ರಯೋಗ ಮಾಡ್ತು ಅಂದ್ರೆ ಯಾರು ನಂಬ್ತಾರೆ? ಚಿತ್ರ ಗೋರ್ಡ್ ತೆಗೀತಾನೆ. ನೀನು ನಾಳೆಯಿಂದ ಬರ್ತಾ ಹೋಗ್ತಾ ಇರು, ಸಾಕು. ನಿನ್ನ ಹೆಸರೂ ಖಂಡಿತ ಹಾಕೋಣ."

"ಎಲ್ಲಿ ಮೇಡಂ?"

"ಬಳಸಿದ ಸಾಮಗ್ರಿಗಳ ಪಟ್ಟಿಯಲ್ಲಿ. ಇಲಿ ಆದ್ಮೇಲೆ."