ನೀರು ಹಣ್ಣಾಗುವವರೆಗೆ

ಎಲ್ಲವೂ ಮಾಮೂಲಿಯಾಗಿದ್ದ ಕೊನೆಯ ದಿನ ನಾನೂ ನಮ್ಮಕ್ಕನೂ ಒಂದು ಬಸವನಹುಳುವಿಗಾಗಿ ಜಗಳವಾಡಿದೆವು. ಹೆಸರುಕಾಳಿನಷ್ಟಿದ್ದ ಆ ಹುಳು ಯಾವುದೋ ಗಿಡದ ಬೇರು ಹಿಡಿದುಕೊಂಡು, ಟಿಕೆಟ್ಟಿಲ್ಲದೆ ಅವಳ ಅಕ್ವೇರಿಯಂಗೆ ಬಂದಿತ್ತು. ತೆಗೆದು ಬಿಸಾಕು ಅಂದೆ.

"ಬಂದ್ಬುಟ್ಟೈತೆ, ಇನ್ನೇನ್ ಮಾಡಾದು. ಊಟಕ್ಕೆ ಕೂತೋರ್ನ ಎಬ್ಬುಸ್ತಾರೇನೆ?"

"ಮೀನು ಬಿಡು ಅಂದ್ರೆ ನೂರು ನೆಪ ಹೇಳ್ತೀಯ. ಹುಳಕ್ಕೆ ಮಾತ್ರ ಎಲೆ ಹಾಕ್ತೀಯಾ?"

"ಹುಳಾನ ನಾನ್ ಕರ್ದಿಲ್ಲ, ಅದರ ಪಾಡು ಅದರದು. ಮೀನು ನಾನಾಗಿ ಕರ್ಕಂಡ್ ಬರೋದು ಕಣೆ. ಕರ್ಕಂಡ್ ಬಂದಮ್ಯಾಲೆ ನಾನೇ ನೋಡ್ಕಬೇಕು."

ಹೌದು, ಅವಳ ತೊಟ್ಟಿಯಲ್ಲಿ ಮೀನಿರಲಿಲ್ಲ. ಮೀನಿಲ್ಲದ ಅಕ್ವೇರಿಯಂಗೆ ದಿನವೂ ಲೈಟು ಹಾಕಿ, ವಾರಕ್ಕೊಮ್ಮೆ ನೀರು ಬದಲಾಯಿಸಿ, ಅದರ ಮುಂದೆ ಹೆಮ್ಮೆಯಿಂದ ಓಡಾಡುತ್ತಿದ್ದವರು ಇಡೀ ಹಿಂದೂಪುರದಲ್ಲಿ ನಮ್ಮಕ್ಕ ಒಬ್ಬಳೇ ಇರಬೇಕು. ಬ್ಲೌಸು ಹೊಲಿಯುವುದು ಅವಳ ಕೆಲಸ. ಮಿಷನ್ನಿನ ಪಕ್ಕದ ಮೇಜಿನ ಮೇಲೆ ಒಂದು ಮೊಳ ಉದ್ದದ ಗಾಜಿನ ತೊಟ್ಟಿ. ಒಳಗೆ ಮಣ್ಣು, ಮರಳು, ಕಲ್ಲು, ಒಂದು ಬೇರು, ಹಸಿರು ಗಿಡಗಳು. ಮೀನು ಮಾತ್ರ ಇಲ್ಲ. ಯಾಕೆ ಎಂದು ಕೇಳಿದರೆ ಒಂದೇ ಉತ್ತರ: "ನೀರು ಇನ್ನಾ ಹಣ್ಣಾಗಿಲ್ಲ."

ನೀರು ಹಣ್ಣಾಗುವುದಕ್ಕೆ ಅದೇನು ಸೀತಾಫಲವೇ? ನಗಬೇಡಿ, ನಾನು ಸಾಕಷ್ಟು ನಕ್ಕು ಬೈಸಿಕೊಂಡಿದ್ದೇನೆ. ಹಿಂದೊಮ್ಮೆ ಅವಳು ಗಾಜಿನ ಬಟ್ಟಲಿಗೆ ಹೊಸ ನೀರು ತುಂಬಿ ಎರಡು ಕೆಂಪು ಮೀನು ಬಿಟ್ಟಿದ್ದಳು. ವಾರದೊಳಗೆ ಎರಡೂ ತೇಲಿದವು. ಮಕ್ಕಳಿಲ್ಲದ ಅವಳು ಅಂದು ಊಟ ಮಾಡಲಿಲ್ಲ. ಆಮೇಲೆ ಮೊಬೈಲಿನಲ್ಲಿ ತೆಲುಗು ವಿಡಿಯೊ ನೋಡಿ ನೋಡಿ ಕಲಿತಳು: ಮೊದಲು ಗಿಡ ಬೇರು ಬಿಡಬೇಕು, ನೀರು ಹದಕ್ಕೆ ಬರಬೇಕು, ಕೊನೆಗೆ ಮೀನು. "ಇನ್ನೊಂದು ಜೀವ ನನ್ ಕೈಯಾಗೆ ಹೋಗಬಾರ್ದು" ಎಂದಿದ್ದಳು.

ಕಲ್ಲು ತರುವ ಕೆಲಸ ನನ್ನ ಪಾಲಿಗೆ ಬಂತು. ನನ್ನನ್ನು ಕೊಟ್ಟಿರುವುದು ಕಲ್ಯಾಣದುರ್ಗಕ್ಕೆ. ನಮ್ಮ ಕಡೆ ಕಲ್ಲಿಗೇನು ಬರವೇ? ಗುಡ್ಡದ ಬುಡದಲ್ಲಿ ಆರಿಸಿ ಚೀಲ ತುಂಬಿಕೊಂಡು ಬಸ್ಸು ಹತ್ತಿದೆ. ಕಂಡಕ್ಟರು ಚೀಲ ಎತ್ತಿ ನೋಡಿ, "ಏಮುಂದಮ್ಮಾ ಇಂದುಲೋ?" ಎಂದ. ಕಲ್ಲು ಎಂದೆ. ಅವನು ನನ್ನ ಮುಖವನ್ನೇ ನೋಡಿದ. "ಹಿಂದೂಪುರಂಲೋ ರಾಳ್ಳು ಲೇವಾ?" ಹಿಂದೂಪುರದಲ್ಲಿ ಕಲ್ಲೇ ಇಲ್ಲವೇ ಎಂದು ಅವನ ಪ್ರಶ್ನೆ. ಪೆನುಕೊಂಡ ದಾಟುವವರೆಗೂ ಬಸ್ಸಿನವರೆಲ್ಲ ನನ್ನನ್ನೂ ಚೀಲವನ್ನೂ ನೋಡುತ್ತಿದ್ದರು. ಇಷ್ಟಾಗಿ, ಅಕ್ಕ ಪ್ರತಿ ಕಲ್ಲಿನ ಮೇಲೂ ನಿಂಬೆಹುಳಿ ಹಿಂಡಿ, ನೊರೆ ಬಂದದ್ದನ್ನೆಲ್ಲ ಸುಣ್ಣದ ಕಲ್ಲೆಂದು ಹೊರಗೆ ಹಾಕಿದಳು. ಉಳಿದದ್ದು ಎರಡು. ಅವುಗಳನ್ನು ತೊಟ್ಟಿಯೊಳಗೆ ಗುಡ್ಡದ ಹಾಗೆ ಕೂರಿಸಿ, ನನ್ನನ್ನು ಬಾಗಿಲಲ್ಲಿ ನಿಲ್ಲಿಸಿ, "ಬಲಗಡೆ ವಸಿ ಲೂಸಾಯ್ತೇನೆ?" ಎಂದು ಕೇಳಿದಳು. ಬ್ಲೌಸಾದರೂ ಗುಡ್ಡವಾದರೂ ಅವಳಿಗೆ ಫಿಟ್ಟಿಂಗು ಮುಖ್ಯ.

ತೊಟ್ಟಿಯೊಳಗಿನ ಹುಣಸೆ ಬೇರಿನದು ಇನ್ನೊಂದು ಕಥೆ. ತೇಲದೆ ಮುಳುಗಲಿ ಎಂದು ಅದನ್ನು ಹಿತ್ತಲ ಒಲೆಯ ಮೇಲೆ ದಿನವಿಡೀ ಕುದಿಸಿದಳು. ನೀರು ಟೀ ಬಣ್ಣಕ್ಕೆ ತಿರುಗಿತು. ಅವಳ ಅತ್ತೆ ಅದನ್ನು ಯಾವುದೋ ಔಷಧಿ ಎಂದುಕೊಂಡು ಎರಡೂ ಮಂಡಿಗೆ ಹುಯ್ದುಕೊಂಡರು. ವಿಷಯ ತಿಳಿದ ಮೇಲೂ ಅವರು ಸೋಲಲಿಲ್ಲ. "ಏನಾರ ಆಗ್ಲಿ, ನೋವು ಇಳೀತು ಕಣಮ್ಮ. ನಾಳೆ ಇನ್ನೊಂದು ಬೇರು ಬೇಯ್ಸು" ಎಂದರು.

ಊರಿನ ಬೋರಿನ ನೀರು ಕಾಯಿಸಿದರೆ ಪಾತ್ರೆಯ ಒಳಗೆ ಸುಣ್ಣ ಬಳಿದಂತಾಗುತ್ತದೆ. ಹಾಗಾಗಿ ಗಿಡಗಳಿಗೆ ಫಿಲ್ಟರ್ ನೀರಿನ ಕ್ಯಾನು ಬರುತ್ತಿತ್ತು. ಭಾವನಿಗೆ ಇದನ್ನು ತಡೆಯಲಾಗಲಿಲ್ಲ.

"ಕಟ್ಕಂಡ ಗಂಡ ಇಷ್ಟು ವರ್ಷ ಬೋರ್ ನೀರು ಕುಡ್ದ. ಈ ಹುಲ್ಲಿಗೆ ಕ್ಯಾನ್ ನೀರಾ?"

"ನಿಮಗೆ ಅಭ್ಯಾಸ ಆಗೋಗೈತೆ. ಅವು ಪಾಪ, ಹೊಸುವು" ಎಂದಳು ಅಕ್ಕ, ತಲೆ ಎತ್ತದೆ.

ಬ್ಲೌಸು ಕೊಡಲು ಬಂದವರೆಲ್ಲ ತೊಟ್ಟಿಗೆ ಮೂಗು ತಾಗಿಸಿ ಮೀನು ಹುಡುಕುತ್ತಿದ್ದರು. ಒಬ್ಬ ಹೆಂಗಸಂತೂ ದೇವಸ್ಥಾನದ ಕಲ್ಯಾಣಿಯ ಮೀನಿಗೆ ಹಾಕುವ ಹಾಗೆ, ತನ್ನ ಪೊಟ್ಟಣದಿಂದ ಒಂದು ಹಿಡಿ ಮಂಡಕ್ಕಿ ತೊಟ್ಟಿಗೆ ಎರಚಿಯೇಬಿಟ್ಟಳು. ಅಕ್ಕ ಮಿಷನ್ ಬಿಟ್ಟು ಎದ್ದಳು. ಚಿಮಟ ತೆಗೆದುಕೊಂಡು ಒಂದೊಂದೇ ಮಂಡಕ್ಕಿ ಎತ್ತಿದಳು. ಆ ಹೆಂಗಸಿನ ಬ್ಲೌಸು ಮಾತ್ರ ಹಬ್ಬ ಕಳೆದ ಮೇಲೆ ಸಿಕ್ಕಿತು.

ಹುಳುವಿನ ಜಗಳದ ಮರುದಿನ ಬೆಳಿಗ್ಗೆ ನಾನು ಊರಿಗೆ ಹೊರಟೆ. ಅದೇ ಮಧ್ಯಾಹ್ನ, ಮಿಷನ್ನಿನ ಮುಂದೆ ಕೂತಿದ್ದ ಅಕ್ಕ ಹಾಗೇ ಪಕ್ಕಕ್ಕೆ ವಾಲಿದಳಂತೆ. ಆಸ್ಪತ್ರೆಗೆ ಸೇರಿಸುವಷ್ಟರಲ್ಲಿ ಮುಗಿದಿತ್ತು. ಎದೆಯ ತೊಂದರೆ ಎಂದರು. ಇದರ ಬಗ್ಗೆ ಹೆಚ್ಚು ಬರೆಯಲು ನನಗೆ ಬರುವುದಿಲ್ಲ.

ಕಾರ್ಯಗಳೆಲ್ಲ ಮುಗಿದ ಮೇಲೆ ಭಾವ ತೊಟ್ಟಿಯ ಕಡೆ ನೋಡದೆ ಹೇಳಿದರು: "ನನ್ ಕೈಲಿ ಆಗಲ್ಲಮ್ಮ. ನೀನೇ ತಕ್ಕೊಂಡೋಗು." ನೀರೆಲ್ಲ ಖಾಲಿ ಮಾಡಿ, ಗಿಡಗಳ ಮೇಲೆ ಒದ್ದೆ ಬಟ್ಟೆ ಹೊದಿಸಿ, ಆಟೋದಲ್ಲಿ ತೊಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕಲ್ಯಾಣದುರ್ಗಕ್ಕೆ ತಂದೆ.

ಹತ್ತು ದಿನದಲ್ಲಿ ಎಲೆಗಳೆಲ್ಲ ಕರಗತೊಡಗಿದವು. ಮುಟ್ಟಿದರೆ ಲೋಳೆ. ಅಕ್ಕ ಅಷ್ಟು ಜೋಪಾನ ಮಾಡಿದ್ದನ್ನು ತಿಂಗಳು ತುಂಬುವ ಮೊದಲೇ ಕೊಂದೆ ಎನ್ನಿಸಿತು. ಕೊಳೆತ ಎಲೆಗಳನ್ನು ತೆಗೆದೆ. ಮಣ್ಣಿನೊಳಗಿದ್ದ ಗಿಡಗಳ ಬೇರನ್ನು ಕೀಳಲು ಮಾತ್ರ ಕೈ ಬರಲಿಲ್ಲ. ಅವಳ ಕೈಯಿಂದ ನೆಟ್ಟದ್ದು. ಬರಿಯ ಮಣ್ಣಿಗೆ ದಿನವೂ ಲೈಟು ಹಾಕಿ, ವಾರಕ್ಕೊಮ್ಮೆ ಕ್ಯಾನಿನ ನೀರು ಬದಲಾಯಿಸುತ್ತಾ ಇದ್ದೆ. ನೋಡಿದವರು ನನಗೂ ಅಕ್ಕನ ಹುಚ್ಚು ಅಂಟಿತು ಎಂದುಕೊಂಡಿರಬೇಕು.

ಒಂದು ದಿನ ಭಾವ ನಮ್ಮನೆಗೆ ಬಂದರು. ನಾಚಿಕೆಯಿಂದ ತೊಟ್ಟಿಗೆ ಟವೆಲು ಮುಚ್ಚಿದ್ದೆ. ಅವರು ಟವೆಲು ಎತ್ತಿ, ಬಗ್ಗಿ, ಬಹಳ ಹೊತ್ತು ನೋಡಿದರು.

"ಇಲ್ಲಿ ಬಾಮ್ಮ. ಇದೇನ್ ನೋಡು."

ಕಲ್ಲಿನ ಬುಡದಲ್ಲಿ ಸೂಜಿಯ ಮೊನೆಯಷ್ಟು ಹಸಿರು. ಅದರ ಪಕ್ಕದಲ್ಲಿ ಇನ್ನೊಂದು. ಹಳೆಯ ಎಲೆಗಳಿಗೆ ನಮ್ಮೂರು ಒಗ್ಗಿರಲಿಲ್ಲ, ಬೇರಿಗೆ ಒಗ್ಗಿತ್ತು.

ಗಿಡಗಳು ತುಂಬಿಕೊಂಡ ಮೇಲೆ ಭಾವ ಮತ್ತೆ ಬಂದರು. "ಇನ್ನು ಮೀನು ಬಿಡಮ್ಮ" ಎಂದರು.

"ನೀರು ಹಣ್ಣಾಗೈತೋ ಇಲ್ವೋ, ಭಾವ. ನನಗೆ ಗೊತ್ತಾಗಲ್ಲ."

"ಅವಳು ಬೈದ್ರೆ ನಾನ್ ಹೇಳ್ದೆ ಅನ್ನು."

ಹುಣಸೆ ಬೀಜದಷ್ಟಿರುವ ಆರು ಗಪ್ಪಿ ಮೀನುಗಳನ್ನು ತಂದು ಬಿಟ್ಟೆವು. ಮೊದಲ ವಾರ ಪ್ರತಿ ಬೆಳಿಗ್ಗೆ ಹೆದರಿಕೊಂಡೇ ತೊಟ್ಟಿಯ ಹತ್ತಿರ ಹೋಗುತ್ತಿದ್ದೆ. ಯಾವುದೂ ತೇಲಲಿಲ್ಲ. ಎಲೆಗಳ ನಡುವೆ ನುಸುಳಿ ಆಡಿಕೊಂಡಿವೆ. ಮೊನ್ನೆ ಮರಿಯೂ ಹಾಕಿವೆ.

ಅಕ್ಕ ಇದನ್ನು ನೋಡಲಿಲ್ಲ.